ಅಲೆ ಒಡೆಯದ ಜಾಗ

ನಮ್ಮ ಡಿಪೋದಲ್ಲಿ ಅವಳನ್ನು ಹೆಸರು ಹಿಡಿದು ಕರೆದವರಿಲ್ಲ. ಹಾಜರಿ ಪುಸ್ತಕದಲ್ಲಿ ಏನೋ ಒಂದು ಹೆಸರಿತ್ತು. ಗುಮಾಸ್ತನನ್ನು ಬಿಟ್ಟರೆ ಅದು ಯಾರಿಗೂ ಬೇಕಾಗಿರಲಿಲ್ಲ. ಕಸ ಗುಡಿಸುವವಳಿಂದ ಹಿಡಿದು ಮ್ಯಾನೇಜರ್‌ವರೆಗೆ ಎಲ್ಲರ ಬಾಯಲ್ಲೂ ಅವಳು ಗೆರೆಯಕ್ಕ.

ಕಂಡಕ್ಟರ್ ಕೆಲಸ. ಬಸ್ಸಿನ ಮುಂಬಾಗಿಲ ಕಂಬದ ಮೇಲೆ ಒಂದು ಕೆಂಪು ಗೆರೆ ಇರುತ್ತದೆ. ಮಗು ಆ ಗೆರೆಗಿಂತ ಕುಳ್ಳಗಿದ್ದರೆ ಅರ್ಧ ಟಿಕೆಟ್ಟು, ಎತ್ತರವಿದ್ದರೆ ಪೂರ್ತಿ. ಮೂವತ್ತು ವರ್ಷ ಆ ಗೆರೆಯ ಪಕ್ಕ ನಿಂತವಳಿಗೆ ಅಪ್ಪ ಅಮ್ಮಂದಿರ ನಾಟಕವೆಲ್ಲ ಬಾಯಿಪಾಠ. ಮಗನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಕೆಳಕ್ಕೆ ಒತ್ತುವ ಅಪ್ಪ, ಹತ್ತು ವರ್ಷದ ಹುಡುಗಿಯನ್ನು ಕಂಕುಳಲ್ಲಿ ಎತ್ತಿಕೊಂಡು ಏದುಸಿರು ಬಿಡುವ ಅಮ್ಮ, ಎಲ್ಲರನ್ನೂ ನೋಡಿದ್ದಳು. ಅವಳು ಜಗಳಕ್ಕೆ ಹೋಗುತ್ತಿರಲಿಲ್ಲ. ಮಗುವಿನ ಗಲ್ಲ ಹಿಡಿದು, "ಮಂಡಿ ನೆಟ್ಟಗೆ ಮಾಡೋ ರಾಜ. ಬಗ್ಗೋದೇನಿದ್ರೂ ನಿಮ್ಮಪ್ಪ ಬಗ್ಗಲಿ" ಅನ್ನುತ್ತಿದ್ದಳು. ಬಸ್ಸು ನಗುತ್ತಿತ್ತು. ಅಪ್ಪ ಪೂರ್ತಿ ಟಿಕೆಟ್ಟು ತೆಗೆದುಕೊಳ್ಳುತ್ತಿದ್ದ.

ಇದೇ ಅಪ್ಪಂದಿರನ್ನು ಸಮುದ್ರದ ಮುಂದೆ ನಿಲ್ಲಿಸಿ ನೋಡಿ, ಮಾತು ಉಲ್ಟಾ ಹೊಡೆಯುತ್ತದೆ. "ನಮ್ಮೋನು ವಯಸ್ಸಿಗಿಂತ ಉದ್ದ, ಇನ್ನೂ ನಾಲ್ಕು ಹೆಜ್ಜೆ ಮುಂದೆ ಹೋಗ್ಲಿ ಬಿಡಿ." ಬಸ್ಸಲ್ಲಿ ಕುಳ್ಳ, ನೀರಲ್ಲಿ ಉದ್ದ. ಮಗು ಮಾತ್ರ ಅಷ್ಟೇ ಇರುತ್ತದೆ. ಗೆರೆಯಕ್ಕನ ಬದುಕಿನ ಅರ್ಧ ಭಾಗ ಈ ಒಂದು ವಿಷಯದ ಮೇಲೆ ಹೊಡೆದಾಡಿಯೇ ಕಳೆಯಿತು.

ಸಮುದ್ರ ನಮ್ಮ ಊರಿನಿಂದ ಐದು ಗಂಟೆ ದಾರಿ. ಡಿಪೋದ ಮುಕ್ಕಾಲು ಪಾಲು ಜನ ಅದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ನೋಡಿದ್ದೇ ಹೊರತು ಕಾಲಿಟ್ಟವರಲ್ಲ. ಹನ್ನೊಂದು ದಿನ ಬಸ್ಸು ನಿಲ್ಲಿಸಿ ಗೇಟಿನೆದುರು ಕೂತ ವರ್ಷ ನಮ್ಮ ಬೇಡಿಕೆ ಪಟ್ಟಿಯಲ್ಲಿ ಏಳನೆಯದು ಅದೇ ಇತ್ತು: ವರ್ಷಕ್ಕೊಮ್ಮೆ ಎರಡು ದಿನ, ಮನೆಮಂದಿಯ ಸಮೇತ, ಡಿಪೋದ ಬಸ್ಸಿನಲ್ಲೇ ಸಮುದ್ರಕ್ಕೆ. ಬರೆಸಿದವಳು ಗೆರೆಯಕ್ಕ. ಮೇಜಿನ ಆ ಕಡೆ ಕೂತಿದ್ದ ಸಾಹೇಬ ನಕ್ಕುಬಿಟ್ಟ.

"ಸಂಬಳ ಕೇಳಿ, ಸಮವಸ್ತ್ರ ಕೇಳಿ, ಅರ್ಥ ಇದೆ. ಸಮುದ್ರ ಯಾಕ್ರೀ ನಿಮಗೆ?"

"ನಿಮಗ್ಯಾಕೆ ಬೇಕಾಯ್ತು ಸಾರ್?" ಅಂದಳು ಇವಳು.

ಸಾಹೇಬ ಹಿಂದಿನ ವಾರವಷ್ಟೇ ಹೆಂಡತಿ ಮಕ್ಕಳ ಜೊತೆ ಕಡಲತೀರದಲ್ಲಿ ಬಿದ್ದುಕೊಂಡಿದ್ದು, ಬಿಸಿಲಿಗೆ ಮೂಗಿನ ಸಿಪ್ಪೆ ಸುಲಿಸಿಕೊಂಡು ಬಂದಿದ್ದ. ಮೂಗು ಮುಟ್ಟಿಕೊಂಡ. ಒಂಬತ್ತು ಬೇಡಿಕೆಯಲ್ಲಿ ನಾಲ್ಕು ಗೆದ್ದೆವು. ಏಳನೆಯದು ಅದರಲ್ಲೊಂದು.

ಮೊದಲ ವರ್ಷ ತೀರ ಆರಿಸಿದವಳೂ ಅವಳೇ, ತಪ್ಪು ಮಾಡಿದವಳೂ ಅವಳೇ. ಅವಳು ಅದನ್ನು ಎಂದೂ ಮುಚ್ಚಿಡಲಿಲ್ಲ, ನಾವೇಕೆ ಮುಚ್ಚಿಡಬೇಕು. ಚಂದ ನೋಡಿ ಆರಿಸಿದ್ದಳು. ಬೆಳ್ಳನೆ ಮರಳು, ಗಲಾಟೆಯಿಲ್ಲ, ಜನವಿಲ್ಲ. ಎಡಕ್ಕೂ ಬಲಕ್ಕೂ ಅಲೆ ನೊರೆಯೆಬ್ಬಿಸಿ ಒಡೆಯುತ್ತಿತ್ತು. ನಡುವೆ, ಎರಡು ಬಸ್ಸು ಅಕ್ಕಪಕ್ಕ ನಿಲ್ಲುವಷ್ಟು ಅಗಲಕ್ಕೆ ಮಾತ್ರ, ನೊರೆಯಿಲ್ಲ, ಸದ್ದಿಲ್ಲ. ನೀರು ಎಣ್ಣೆ ಸವರಿದಂತೆ ನುಣ್ಣಗಿತ್ತು. "ಮಕ್ಕಳನ್ನ ಇಲ್ಲಿ ಬಿಡಿ. ಇಲ್ಲಿ ಅಲೆ ಒಡೆಯಲ್ಲ" ಅಂದಳು.

ನಾವು ಅದರ ಮೇಲೆ ಇನ್ನೊಂದು ಜಾಣತನ ಮಾಡಿದ್ದೆವು. ಈಜು ಬಾರದ ಮಕ್ಕಳಿಗೆಂದು ಟೈರ್ ಕೋಣೆಯಿಂದ ಬಸ್ಸಿನ ಹಳೇ ಟ್ಯೂಬು ತಂದಿದ್ದೆವು. ತೇಪೆ ಹಾಕಿ, ಗಾಳಿ ತುಂಬಿ, ಬಸ್ಸಿನ ನೆತ್ತಿಗೆ ಕಟ್ಟಿ. ಡಿಪೋದವರಿಗಲ್ಲದೆ ಈ ಬುದ್ಧಿ ಇನ್ಯಾರಿಗೆ ಬರುತ್ತದೆ? ಟೈರ್ ಕೋಣೆಯವನ ಆರು ವರ್ಷದ ಮಗಳು ಒಂದರ ನಡುವೆ ರಾಣಿಯ ಹಾಗೆ ಕೂತಳು. ಹತ್ತು ಎಣಿಸುವಷ್ಟರಲ್ಲಿ ಕೈಗೆ ಸಿಗಲಿಲ್ಲ. ಐವತ್ತು ಎಣಿಸುವಷ್ಟರಲ್ಲಿ ಟ್ಯೂಬು ಬಳೆಯಷ್ಟು ಕಂಡಿತು. ಅಪ್ಪ ನೀರಿಗೆ ಬಿದ್ದ, ಅವನಿಗೂ ಈಜು ಬರುತ್ತಿರಲಿಲ್ಲ, ಅವನನ್ನು ನಾಲ್ಕು ಜನ ಎಳೆದು ತಂದೆವು. ಹುಡುಗಿಯನ್ನು ತಂದಿದ್ದು ದಡದಲ್ಲಿ ಬಲೆ ಕಟ್ಟುತ್ತಿದ್ದವರು, ದೋಣಿ ನೂಕಿಕೊಂಡು ಹೋಗಿ. ಅವಳು ನಗುತ್ತಿದ್ದಳು. "ಇನ್ನೊಂದ್ಸಲ!" ಅಂದಳು. ಅಪ್ಪ ಮರಳಿನ ಮೇಲೆ ವಾಂತಿ ಮಾಡಿಕೊಂಡ. ಅಮ್ಮ ಗೆರೆಯಕ್ಕನ ಜೊತೆ ಎರಡು ವರ್ಷ ಮಾತು ಬಿಟ್ಟಳು. "ಎರಡೇ ವರ್ಷಕ್ಕೆ ಮುಗಿಸಿದಳಲ್ಲ, ನಾನಾಗಿದ್ರೆ ನಾಲ್ಕು ಮಾಡ್ತಿದ್ದೆ" ಅನ್ನುತ್ತಿದ್ದಳು ಇವಳು.

ಅವತ್ತು ಬಲೆ ಕಟ್ಟುತ್ತಿದ್ದ ಒಬ್ಬ ಮುದುಕಿ ಇವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಬೈದಳಂತೆ.

"ನಿನ್ನ ಕಣ್ಣಿಗೇನು ಮಂಜು ಬಂದಿದ್ಯಾ? ಅಷ್ಟು ನೀರು ದಡಕ್ಕೆ ಬಂತಲ್ಲ, ವಾಪಸ್ ಹೋಗೋದೆಲ್ಲಿಂದ? ನೀನೇನು ಕೆಲಸ ಮಾಡ್ತೀಯ?"

"ಬಸ್ಸಲ್ಲಿ ಕಂಡಕ್ಟರ್."

"ಹಾಗಾದ್ರೆ ನಿಂಗೆ ಹೇಳ್ಬೇಕಾ? ಹತ್ತಿದೋರೆಲ್ಲ ಇಳೀಲೇಬೇಕು. ಅಲೆ ಒಡೆಯೋ ಕಡೆ ನೀರು ಹತ್ತುತ್ತೆ. ಒಡೆಯದೇ ಇರೋ ಕಡೆ ಇಳಿಯುತ್ತೆ. ಅದು ಬಾಗಿಲು ಕಣೇ. ನೀನು ಮಕ್ಕಳನ್ನ ತಗೊಂಡೋಗಿ ಬಾಗಿಲಲ್ಲಿ ಕೂರಿಸಿದ್ದೀಯ."

ಅಲ್ಲಿಂದ ಮುಂದೆ ತೀರ ಆರಿಸುವುದು ಅವಳಿಗೆ ಪ್ರವಾಸದ ಕೆಲಸವಾಗಿ ಉಳಿಯಲಿಲ್ಲ. ಒಂದು ತಿಂಗಳ ಮೊದಲೇ ತನ್ನ ರಜೆಯಲ್ಲಿ ಒಬ್ಬಳೇ ಹೋಗುವಳು. ಗುಜರಿಗೆ ಬಿದ್ದ ಬಸ್ಸಿನ ಹಿಡಿಕೆಯ ಕೊಳವೆಯೊಂದನ್ನು ಕೇಳಿ ಪಡೆದು ಅದರ ಮೇಲೆ ಮೂರು ಕೆಂಪು ಗೆರೆ ಎಳೆದುಕೊಂಡಿದ್ದಳು. ಕೆಳಗಿನದು ನಾಲ್ಕು ವರ್ಷದ ಮಗುವಿನ ಸೊಂಟ. ನಡುವಿನದು ಏಳು ವರ್ಷದ್ದು. ಮೇಲಿನದು ಅರ್ಧ ಟಿಕೆಟ್ಟಿನ ಗೆರೆ. ಅಲ್ಲಿಗೆ ನೀರು ಬಂತೆಂದರೆ ಆ ಎತ್ತರದ ಮಗು ಪೂರಾ ಮುಳುಗಿದ ಹಾಗೆ. ಸೀರೆ ಎತ್ತಿ ಕಟ್ಟಿ, ಕೊಳವೆ ಊರಿಕೊಂಡು, ಬಾಯಲ್ಲಿ ಹೆಜ್ಜೆ ಎಣಿಸುತ್ತ ನೀರಿಗಿಳಿಯುವಳು. ಕೆಳಗಿನ ಗೆರೆ ಮುಟ್ಟಲು ನಲವತ್ತು ಹೆಜ್ಜೆಯಾದರೂ ಬೇಕು. ಇಪ್ಪತ್ತಕ್ಕೇ ಮುಟ್ಟಿದರೆ ಆ ತೀರ ಪಟ್ಟಿಯಿಂದ ಹೊರಗೆ. ನೀರು ಏರಿದಾಗೊಮ್ಮೆ, ಇಳಿದಾಗೊಮ್ಮೆ, ಎರಡು ಸಲ ಅಳೆಯದೆ ವಾಪಸ್ಸು ಬರುತ್ತಿರಲಿಲ್ಲ.

ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ಅಮ್ಮಂದಿರು ಎಲ್ಲಿ ಕೂರುತ್ತಾರೆ? ಕೂತ ಜಾಗದಿಂದ ಮಗುವಿನ ತಲೆ ಕಾಣುತ್ತದೋ, ನಡುವೆ ಬಂಡೆ ಅಡ್ಡವೋ? ಮಧ್ಯಾಹ್ನ ಎರಡಕ್ಕೆ ನೆರಳು ಯಾವ ಕಡೆ ಬೀಳುತ್ತದೆ? ಸಿಹಿನೀರಿನ ನಲ್ಲಿ ಎಷ್ಟು ದೂರ? ಊರಿನ ಚರಂಡಿ ಬಂದು ಸೇರುವುದು ಎಲ್ಲಿ? ಕಕ್ಕಸಿನ ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯೋ? ಈ ಕೊನೆಯದಕ್ಕಾಗಿಯೇ ಎರಡು ಒಳ್ಳೆಯ ತೀರಗಳನ್ನು ಬಿಟ್ಟಿದ್ದಳು. "ಮಕ್ಕಳಿಗೆ ಸಮುದ್ರ, ಹೆಂಗಸರಿಗೆ ದಿನವಿಡೀ ಹೊಟ್ಟೆ ಹಿಡ್ಕೊಂಡು ಕೂರೋ ಶಿಕ್ಷೆ, ಅದು ಪ್ರವಾಸನಾ?" ಹೋಟೆಲಿನವರನ್ನು ಕೇಳುತ್ತಿರಲಿಲ್ಲ. ಬಲೆಯವರನ್ನು ಹುಡುಕಿಕೊಂಡು ಹೋಗಿ ಒಂದೇ ಪ್ರಶ್ನೆ ಕೇಳುವಳು: "ನಿಮ್ಮ ಮಕ್ಕಳನ್ನ ನೀವು ಎಲ್ಲಿ ಬಿಡ್ತೀರಿ?"

ಹೀಗೆ ಆರಿಸಿದ ತೀರಗಳು ಚಂದ ಇರುತ್ತಿರಲಿಲ್ಲ. ಸುಳ್ಳು ಯಾಕೆ? ಕೆಸರು ಬಣ್ಣದ ನೀರು, ಮೀನಿನ ವಾಸನೆ, ಒಣಗಲು ಹಾಕಿದ ಬಲೆ. ಫೋಟೋ ತೆಗೆದರೆ ಕೆರೆಯೋ ಸಮುದ್ರವೋ ಗೊತ್ತಾಗುತ್ತಿರಲಿಲ್ಲ. ಆಮೇಲಿನ ಹದಿನೆಂಟು ವರ್ಷದಲ್ಲಿ ಒಂದು ಮಗುವಿನ ಕಾಲಿಗೆ ಕಪ್ಪೆಚಿಪ್ಪು ಚುಚ್ಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಏನೂ ಆಗದಿದ್ದದ್ದೇ ಅವಳಿಗೆ ಮುಳುವಾಯಿತು. ಆಗದೇ ಇದ್ದದ್ದನ್ನು ಯಾರು ನೆನಪಿಡುತ್ತಾರೆ?

ಇಪ್ಪತ್ತನೇ ವರ್ಷ ಹೊಸ ಕಲ್ಯಾಣಾಧಿಕಾರಿ ಬಂದ. ಮುದುರದ ಅಂಗಿ, ಮಾಸದ ನಗು. ಕೆಟ್ಟವನಲ್ಲ, ಕೆಟ್ಟವನಾಗಿದ್ದರೆ ನಮಗೂ ಸುಲಭವಿತ್ತು. ಡಿಪೋದ ಕಕ್ಕಸು ಸರಿಮಾಡಿಸಿದ್ದ, ಹೆಂಗಸರ ಕೋಣೆಗೆ ಫ್ಯಾನು ಹಾಕಿಸಿದ್ದ. ಹಾಗಾಗಿ ಅವನು ಎಲ್ಲರನ್ನೂ ಕ್ಯಾಂಟೀನಿಗೆ ಕರೆದು ಗೋಡೆಯ ಮೇಲೆ ಚಿತ್ರ ಬಿಟ್ಟಾಗ ಬಾಯಿ ತೆರೆದುಕೊಂಡು ನೋಡಿದೆವು. ನೀಲಿ ನೀರು. ಹಾಲಿನಂಥ ಮರಳು. ಬಣ್ಣದ ಕೊಡೆ, ಒರಗು ಕುರ್ಚಿ. ಹಗ್ಗ ಕಟ್ಟಿ ಬಾವುಟ ನೆಟ್ಟ ಒಂದು 'ಮಕ್ಕಳ ಮೂಲೆ'. ಹೊಸ ರೆಸಾರ್ಟು.

"ಮಕ್ಕಳಿರೋ ಕುಟುಂಬಗಳಿಗೆ ಅತ್ಯುತ್ತಮವಾದ ಹತ್ತು ಕಡಲತೀರಗಳು ಅಂತ ಒಂದು ಪಟ್ಟಿ ಇದೆ. ಇದು ಅದರಲ್ಲಿ ಮೂರನೇದು" ಅಂದ.

"ಪಟ್ಟಿ ಮಾಡಿದೋರು ನೀರಿಗೆ ಇಳಿದಿದ್ರಾ ಸಾರ್?" ಹಿಂದಿನ ಬೆಂಚಿನಿಂದ ಗೆರೆಯಕ್ಕ.

ಜನ ನಕ್ಕರು. ಅವಳ ಮಾತಿಗಲ್ಲ, ಅವಳಿಗೆ. ಹೆಂಗಸರು ಕೊಡೆಯ ಕೆಳಗಿನ ಕುರ್ಚಿ ನೋಡುತ್ತಿದ್ದರು. ಹುಟ್ಟಿದಾಗಿನಿಂದ ಅಂಥ ಕುರ್ಚಿಯಲ್ಲಿ ಒರಗಿದವರಲ್ಲ. ಸಂಘದ ಸಭೆಯಲ್ಲೂ ಕೈ ಎತ್ತಿಸಿದೆವು. ರೆಸಾರ್ಟಿನ ಕಡೆ ಎಂಬತ್ತಾರು, ಗೆರೆಯಕ್ಕನ ಕಡೆ ಏಳು. ಎಂಬತ್ತಾರರಲ್ಲಿ ಈ ಬರೆಯುವ ಕೈಯೂ ಇತ್ತು.

ಗೆರೆಯಕ್ಕನಿಗೆ ಮನೆಯಲ್ಲೂ ಅದೇ ಪಾಡು. ಎರಡು ಕೋಣೆಯ ಮನೆ. ಮಗ ರಾತ್ರಿ ಪಾಳಿಯವನು, ಒಳಗೆ ಮಲಗಿದ್ದ. ಸೊಸೆ ಅಡುಗೆಮನೆಯಲ್ಲಿ ಮಕ್ಕಳ ಊಟದ ಡಬ್ಬಿ ತೊಳೆಯುತ್ತ ಶುರು ಮಾಡಿದಳು.

"ಅತ್ತೆ, ಬೇಜಾರು ಮಾಡ್ಕೋಬೇಡಿ. ಮದುವೆಯಾಗಿ ಬಂದಾಗಿಂದ ಅದೇ ಕೆಸರು ನೀರು. ದೊಡ್ಡವಳ ಕ್ಲಾಸಲ್ಲಿ ಎಲ್ಲರೂ ನೀಲಿ ಸಮುದ್ರದ ಫೋಟೋ ತೋರಿಸ್ತಾರೆ. ಇವಳು ಬಲೆ ಮುಂದೆ ನಿಂತಿರೋದು ತೋರಿಸಿದ್ಳಂತೆ. ಮೀನು ಮಾರ್ತೀರಾ ಅಂತ ಕೇಳಿದ್ರಂತೆ."

"ಮಾರ್ತೀವಿ ಅನ್ನಬೇಕಿತ್ತು. ಅದ್ರಲ್ಲೇನು ಅವಮಾನ?"

"ನಿಮಗೆ ಅವಮಾನ ಆಗಲ್ಲ ಅತ್ತೆ, ಗೊತ್ತು ನಂಗೆ. ನಿಮ್ಮ ಚರ್ಮಾನೇ ಬೇರೆ. ಒಂದ್ಸಲ, ಒಂದೇ ಒಂದ್ಸಲ ಎಲ್ಲರ ಹಾಗೆ ಹೋಗಿ ಬರೋಣ."

ಗೆರೆಯಕ್ಕ ಡಬ್ಬಿ ಒರೆಸಿಟ್ಟಳು. "ನಾನು ನೋಡ್ಕೊಂಡು ಬರ್ತೀನಿ. ಸರಿಯಿದ್ರೆ ನಾನೇ ಮೊದಲು ಬಸ್ಸು ಹತ್ತುತೀನಿ" ಅಂದಳು.

ಹೋದಳು. ಕೊಳವೆ ಊರಿದಳು. ಹನ್ನೊಂದನೇ ಹೆಜ್ಜೆಗೆ ಕೆಳಗಿನ ಗೆರೆ, ಹದಿನಾಲ್ಕಕ್ಕೆ ನಡುವಿನದು, ಹದಿನೇಳಕ್ಕೆ ಅರ್ಧ ಟಿಕೆಟ್ಟಿನ ಗೆರೆ. ಮೆಟ್ಟಿಲಿಳಿದ ಹಾಗೆ ಆಳ. ದಡಕ್ಕೆ ಬಂದು ನೀರನ್ನು ನೋಡುತ್ತ ನಿಂತಳು. ಎಡಕ್ಕೆ ನೊರೆ, ಬಲಕ್ಕೆ ನೊರೆ. ನಡುವೆ ನುಣ್ಣಗೆ ಒಂದು ಪಟ್ಟಿ. ಬಣ್ಣಬಣ್ಣದ ಬಾವುಟ ನೆಟ್ಟು, ಹಗ್ಗ ಕಟ್ಟಿ, 'ಮಕ್ಕಳ ಮೂಲೆ' ಅಂತ ಫಲಕ ಹಾಕಿದ್ದು ಸರಿಯಾಗಿ ಅಲ್ಲೇ.

ರೆಸಾರ್ಟಿನ ಮ್ಯಾನೇಜರ್ ಓಡಿ ಬಂದ. "ಮೇಡಂ, ಈ ಇಡೀ ತೀರದಲ್ಲಿ ಇಷ್ಟು ಶಾಂತವಾದ ಜಾಗ ಇನ್ನೊಂದಿಲ್ಲ. ಒಂದು ವಾರ ನೋಡಿ ಆರಿಸಿದ್ದೀವಿ."

"ನಾನೂ ಹಾಗೇ ಆರಿಸಿದ್ದೆ" ಅಂದು ಅವಳು ಬಗ್ಗಿ ಎಡಗಾಲಿನ ಚಪ್ಪಲಿ ತೆಗೆದು ಹಗ್ಗದೊಳಗಿನ ನೀರಿಗೆ ಎಸೆದಳು. ರಬ್ಬರಿನ ಚಪ್ಪಲಿ, ತೇಲಿತು. ಗಟ್ಟಿಯಾಗಿ ಎಣಿಸತೊಡಗಿದಳು. ಮೂವತ್ತಕ್ಕೆ ಚಪ್ಪಲಿ ಹಗ್ಗ ದಾಟಿತು. ಎಪ್ಪತ್ತಕ್ಕೆ ಕಣ್ಣಿಗೆ ಸಿಗಲಿಲ್ಲ.

"ಮೇಡಂ, ನಿಮ್ಮ ಚಪ್ಪಲಿ ಹೋಯ್ತು."

"ಚಪ್ಪಲಿ ಬೇರೆ ತಗೋತೀನಿ. ಈ ಬಾವುಟ ಕೀಳಿಸಿ."

"ಅದು ನಮ್ಮ ಹೆಡ್ಡಾಫೀಸಿನಿಂದ ಬಂದ ಡಿಸೈನು ಮೇಡಂ. ನಾನು ಕೀಳೋಕಾಗಲ್ಲ."

ಅಲ್ಲಿಂದ ಒಂದು ಕಾಲಿಗೆ ಚಪ್ಪಲಿ, ಒಂದು ಕಾಲು ಬರಿದು, ಬಲೆಯವರನ್ನು ಹುಡುಕಿಕೊಂಡು ಹೋದಳು. ಹಿನ್ನೀರಿನ ಸೇತುವೆ ದಾಟಿದರೆ, ಬಸ್ಸಿನಲ್ಲಿ ಹತ್ತು ನಿಮಿಷ, ಅವರ ಮಕ್ಕಳು ಆಡುವ ಜಾಗ. ಅರವತ್ತೆರಡು ಹೆಜ್ಜೆಗೆ ಕೆಳಗಿನ ಗೆರೆ. ನೀರು ಚಹಾದ ಬಣ್ಣ. ಬಲೆಯವರ ಸಂಘದ ಕಟ್ಟಡದಲ್ಲಿ ಎರಡು ಕಕ್ಕಸು, ಒಂದಕ್ಕೆ ಚಿಲಕ.

ವಾಪಸ್ಸು ಬಂದು ಕಲ್ಯಾಣಾಧಿಕಾರಿಯ ಕೋಣೆಗೆ ಹೋಗಿ ಎಲ್ಲ ಹೇಳಿದಳು. ಅವನು ಪೂರ್ತಿ ಕೇಳಿದ, ಅದರಲ್ಲೇನೂ ಕಮ್ಮಿ ಮಾಡಲಿಲ್ಲ.

"ನೋಡಿ ಅಮ್ಮ, ನಿಮ್ಮ ಕಾಳಜಿ ಅರ್ಥ ಆಗುತ್ತೆ. ಆದ್ರೆ ರೆಸಾರ್ಟಿನೋರು ಹೆಸರು ಕೆಡಿಸ್ಕೊಳ್ಳೋಕೆ ಅಂತ ಮಕ್ಕಳ ಮೂಲೆ ಮಾಡಿರ್ತಾರಾ? ನಿಮ್ಮ ಚಪ್ಪಲಿ ಎಷ್ಟು ತೂಕ, ಒಂದು ಮಗು ಎಷ್ಟು ತೂಕ?"

"ನನ್ನ ಕಣ್ಣೆದುರು ಹೋದ ಟ್ಯೂಬಿನ ಮೇಲೆ ಮಗುನೇ ಇತ್ತು ಸಾರ್."

"ಅದು ಇಪ್ಪತ್ತು ವರ್ಷದ ಹಿಂದಿನ ಮಾತು. ನಿಮ್ಮವರೇ ಮತ ಹಾಕಿದ್ದಾರೆ. ನಾನೂ ನನ್ನ ಮಕ್ಕಳನ್ನ ಕರ್ಕೊಂಡು ಬರ್ತಿದ್ದೀನಿ. ನಿಮಗೆ ಇಷ್ಟ ಇಲ್ದಿದ್ರೆ ಬರ್ಬೇಡಿ."

"ಬರ್ತೀನಿ. ನಾನು ಬರ್ದೇ ಇದ್ರೆ ಹೇಗೆ?"

ಅವನು ಅದನ್ನು ರಾಜಿ ಅಂದುಕೊಂಡ. ಕೈಕುಲುಕಲು ಎದ್ದು ನಿಂತನಂತೆ.

ನಾವೂ ಹಾಗೇ ಅಂದುಕೊಂಡೆವು. ನಾಲ್ಕು ಬಸ್ಸು ಬೆಳಗಿನ ಜಾವ ಗೇಟು ದಾಟಿದವು. ಅವಳು ಮೊದಲ ಬಸ್ಸಿನಲ್ಲಿ, ಮುಂದಿನ ಸೀಟಿನಲ್ಲಿ, ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಂದಳು. ಚಕ್ರ ಹಿಡಿದಿದ್ದವನು ಬ್ರೇಕಣ್ಣ, ಅವಳ ಜೊತೆ ಹದಿನೈದು ವರ್ಷ ಒಂದೇ ರೂಟಿನಲ್ಲಿ ಓಡಿದ ಡ್ರೈವರು, ಎಲ್ಲದಕ್ಕೂ ಮೊದಲು ಬ್ರೇಕು ತುಳಿಯುವ ಆಸಾಮಿ. "ಅಕ್ಕ, ನಿನ್ನ ಮೌನ ನೋಡಿದ್ರೆ ಇಂಜಿನ್ ಬಿಸಿಯಾದ ಹಾಗಿದೆ, ಬಾನೆಟ್ ತೆಗಿ" ಅಂದ.

ರೆಸಾರ್ಟು ಚಿತ್ರದಲ್ಲಿದ್ದ ಹಾಗೇ ಇತ್ತು, ಅದನ್ನು ಒಪ್ಪಲೇಬೇಕು. ನೀರು ನೀಲಿಯೇ. ಹೆಂಗಸರು ಕುರ್ಚಿಗಳನ್ನು ಮೊದಲು ಕೈಯಿಂದ ಒತ್ತಿ ನೋಡಿ ಆಮೇಲೆ ಕೂತರು. ಮಕ್ಕಳು ಅಂಗಿ ಬಿಚ್ಚಿ ಎಸೆದು 'ಮಕ್ಕಳ ಮೂಲೆ'ಯ ಕಡೆ ಓಡಿದರು. ಓಡಿದವರು ಅಲ್ಲೇ ನಿಂತರು. ಬಾವುಟಗಳ ನಡುವೆ, ನೀರಿನಂಚಿಗೆ, ಸಮುದ್ರಕ್ಕೆ ಬೆನ್ನು ಹಾಕಿ ಗೆರೆಯಕ್ಕ ಕಾಲು ಮಡಚಿ ಕೂತಿದ್ದಳು. ಕೊಳವೆಯನ್ನು ಅಡ್ಡಡ್ಡ ಹಿಡಿದಿದ್ದಳು.

ನಾವು ಹನ್ನೊಂದು ದಿನ ಗೇಟಿನೆದುರು ಕೂತವರು. ಅದು ಏನೆಂದು ನಮಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಅಜ್ಜಿ, ಎದ್ದೇಳಿ!" ಮೊಮ್ಮಗ ಅಂದ.

"ಏಳಲ್ಲ ಕಂದ."

"ಯಾಕೆ?"

"ಇಲ್ಲಿ ನೀರು ಕಳ್ಳತನ ಮಾಡುತ್ತೆ."

ಮಕ್ಕಳು ಅಳತೊಡಗಿದವು. ಐದು ಗಂಟೆ ಬಸ್ಸಿನಲ್ಲಿ ಕುದಿಸಿ ತಂದ ಮಕ್ಕಳು. ಒಂದು ಅತ್ತರೆ ಇಪ್ಪತ್ತು. ಅಮ್ಮಂದಿರು ಎದ್ದು ಬಂದರು. ಕ್ಯಾಂಟೀನಿನವಳು ಸೊಂಟದ ಮೇಲೆ ಕೈಯಿಟ್ಟು, "ಏನಕ್ಕ ಇದು, ವಯಸ್ಸಾದ ಮೇಲೆ ಹಟ ಜಾಸ್ತಿ ಆಯ್ತಾ? ಇಲ್ಲಿ ಬಂದೂ ನಿನ್ನ ಚೆಕ್ಕಿಂಗಾ?" ಅಂದಳು. ಸೊಸೆಯ ಮುಖ ಕೆಂಪಾಗಿತ್ತು. ಅವಳು ಮೆಲ್ಲಗೆ, ಹಲ್ಲು ಕಚ್ಚಿ, "ಅತ್ತೆ, ಎಲ್ಲರೆದುರು ಬೇಡ. ದಯವಿಟ್ಟು" ಅಂದಳು.

"ಎಲ್ಲರೆದುರೇ ಕೂತಿರೋದು ಕಣಮ್ಮ. ಮೂಲೇಲಿ ಹೇಳಿದಾಗ ಯಾರೂ ಕೇಳಲಿಲ್ಲ."

ಬ್ರೇಕಣ್ಣ ಬಂದು ನೋಡಿದ. ತಲೆ ಕೆರೆದುಕೊಂಡ. ಆಮೇಲೆ ಪ್ಯಾಂಟು ಮಡಚಿ ಅವಳ ಬಲಕ್ಕೆ ಕೂತ.

"ನಿಂಗೆ ನಂಬಿಕೆ ಇದ್ಯಾ?" ಅಂತ ಯಾರೋ ಕೇಳಿದರು.

"ನೀರಿನ ವಿಷಯ ನಂಗೇನ್ರೀ ಗೊತ್ತು? ಅಕ್ಕ ಸೀಟಿ ಊದದೆ ನಾನು ಗಾಡಿ ತೆಗೆದೋನಲ್ಲ. ಅಭ್ಯಾಸ."

ಟೈರ್ ಕೋಣೆಯವನು, ಈಗ ಅರ್ಧ ತಲೆ ನರೆತವನು, ಯಾರ ಮುಖವನ್ನೂ ನೋಡದೆ ಬಂದು ಎಡಕ್ಕೆ ಕೂತ. ಅವನಾದ ಮೇಲೆ ನಾವು ಇನ್ನೂ ಆರೇಳು ಜನ ಕೂತೆವು. ನಂಬಿ ಕೂತವರು ಎಷ್ಟು, ನಾಚಿಕೆಗೆ ಕೂತವರು ಎಷ್ಟು, ಲೆಕ್ಕ ಹಾಕಿ ಪ್ರಯೋಜನವಿಲ್ಲ. ಗೇಟಿನೆದುರೂ ಹಾಗೇ ಕೂತಿದ್ದೆವು.

ಕಲ್ಯಾಣಾಧಿಕಾರಿ ಮೊಣಕಾಲುದ್ದದ ಚಡ್ಡಿಯಲ್ಲಿ ಬಂದ. ಇಸ್ತ್ರಿ ಮಾಡಿದ ಚಡ್ಡಿ. ಹಿಂದೆ ಅವನ ಇಬ್ಬರು ಹೆಣ್ಣುಮಕ್ಕಳು, ಒಬ್ಬಳಿಗೆ ಐದಿರಬೇಕು, ಇನ್ನೊಬ್ಬಳಿಗೆ ಎಂಟು. ರೆಸಾರ್ಟಿನ ಮ್ಯಾನೇಜರನೂ ಇದ್ದ.

"ಇದು ಅತಿ ಆಯ್ತು. ಏಳಿ. ಇದು ಅಶಿಸ್ತು, ನಾನು ಬರೆದು ಹಾಕಬೇಕಾಗುತ್ತೆ."

"ಹಾಕಿ ಸಾರ್."

"ಇಲ್ಲಿ ಅಪಾಯ ಇದೆ ಅಂತ ನಿಮ್ಮ ಒಬ್ಬರ ಮಾತು. ಸಾಕ್ಷಿ ಏನು?"

ಅವಳು ಎದ್ದಳು. ಬ್ರೇಕಣ್ಣನ ಕಿವಿಯಲ್ಲಿ ಏನೋ ಹೇಳಿದಳು. ಅವನು ಬಸ್ಸಿಗೆ ಹೋಗಿ ಕೆಟ್ಟ ಗಾಡಿ ಎಳೆಯುವ ಹಗ್ಗ ತಂದ, ನನ್ನ ಮಣಿಕಟ್ಟಿನಷ್ಟು ದಪ್ಪದ್ದು. ಅವಳು ಅದರ ತುದಿಯನ್ನು ಅಧಿಕಾರಿಯ ಮುಂದೆ ಹಿಡಿದಳು.

"ಸೊಂಟಕ್ಕೆ ಕಟ್ಕೊಳ್ಳಿ ಸಾರ್. ಈ ಬಾವುಟದ ನಡುವೆ ನಿಮ್ಮ ಸೊಂಟದವರೆಗೆ ಇಳೀರಿ. ಈಜಬೇಡಿ, ಬರೀ ನಿಂತ್ಕೊಳ್ಳಿ. ನಾನು ನೂರು ಎಣಿಸ್ತೀನಿ. ನೀವು ನಿಂತ ಜಾಗದಲ್ಲೇ ಇದ್ರೆ ನಾನು ಜಾಗ ಬಿಡೋದೇನು, ನಿಮ್ಮ ಮಕ್ಕಳನ್ನ ನಾನೇ ಎತ್ಕೊಂಡೋಗಿ ನೀರಿಗೆ ಬಿಡ್ತೀನಿ. ಹಗ್ಗ ಇವರು ಹಿಡ್ಕೊಂಡಿರ್ತಾರೆ. ಹೋದ್ರೆ ಎಳ್ಕೋತೀವಿ."

"ನಾನು ಈಜುಗಾರ. ಕಾಲೇಜಲ್ಲಿ ಬಹುಮಾನ ತಗೊಂಡೋನು. ಹಗ್ಗ ಬೇಡ" ಅಂದ ಅವನು.

ನೂರಕ್ಕೂ ಮೀರಿದ ಜನ ನೋಡುತ್ತಿದ್ದರು. ಅವನು ಕನ್ನಡಕ ತೆಗೆದು ದೊಡ್ಡ ಮಗಳ ಕೈಗೆ ಕೊಟ್ಟು ಇಳಿದ. ಪಾದ ಮುಳುಗಿತು. ಮಂಡಿ ಮುಳುಗಿತು. ಮಂಡಿಯಿಂದ ಮೇಲೆ ಇನ್ನೊಂದು ಹೆಜ್ಜೆ ಇಟ್ಟ. ನಿಂತ. ನಾವು ನೋಡುತ್ತಲೇ ಇದ್ದೆವು: ಅವನು ಕೆಳಗೆ ನೋಡಿದ, ಕಾಲು ಅಗಲಿಸಿ ಊರಿದ, ಮತ್ತೆ ಊರಿದ. ಕಾಲಿನ ಕೆಳಗಿನ ಮರಳು ಜಾರುತ್ತಿರುವುದು ದಡದಲ್ಲಿದ್ದ ನಮಗೂ ಅವನ ಭುಜ ನೋಡಿದರೆ ಗೊತ್ತಾಗುತ್ತಿತ್ತು. ಮುಂದೆ ಇನ್ನೊಂದು ಹೆಜ್ಜೆ ಇಡಲಿಲ್ಲ. ಗೆರೆಯಕ್ಕ ಇನ್ನೂ ಎಣಿಸಲು ಶುರು ಮಾಡಿರಲಿಲ್ಲ.

ಅಷ್ಟರಲ್ಲಿ ಚಿಕ್ಕ ಮಗಳು, "ಅಪ್ಪಾ!" ಎಂದು ನೀರಿಗೆ ಓಡಿದಳು.

"ಅಲ್ಲೇ ನಿಲ್ಲು! ಬರ್ಬೇಡ!"

ಆ ಕೂಗು ಆಫೀಸಿನ ಕೂಗಲ್ಲ. ಅಂಥ ದನಿ ಅವನ ಗಂಟಲಲ್ಲಿ ಇದೆಯೆಂದು ನಮಗೆ ಗೊತ್ತಿರಲಿಲ್ಲ, ಅವನಿಗೂ ಗೊತ್ತಿತ್ತೋ ಇಲ್ಲವೋ. ತಿರುಗಿ, ನೀರಿನಲ್ಲಿ ಒಂದು ಸಲ ಮುಗ್ಗರಿಸಿ, ಎರಡೂ ಕೈ ಊರಿ ಎದ್ದು ದಡಕ್ಕೆ ಬಂದ. ಚಿಕ್ಕವಳ ತೋಳು ಹಿಡಿದು ಹತ್ತು ಮಾರು ಹಿಂದಕ್ಕೆ ಎಳೆದುಕೊಂಡು ಹೋದ. ಕನ್ನಡಕ ಹಾಕಿಕೊಂಡ. ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು.

"ನೀರು ಸ್ವಲ್ಪ ತಣ್ಣಗಿದೆ" ಅಂದ.

ಕ್ಯಾಂಟೀನಿನವಳು ತನ್ನ ಮಗನನ್ನು ಕುತ್ತಿಗೆಯ ಹಿಂದೆ ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು. ಒಬ್ಬೊಬ್ಬರಾಗಿ ಎಲ್ಲ ಅಮ್ಮಂದಿರೂ ಅದನ್ನೇ ಮಾಡಿದರು.

ಬಾವುಟಗಳನ್ನು ಕಿತ್ತವರು ಹೆಂಗಸರು. ಮ್ಯಾನೇಜರ್ "ಹೆಡ್ಡಾಫೀಸು, ಹೆಡ್ಡಾಫೀಸು" ಅನ್ನುತ್ತಲೇ ಇದ್ದ. "ನಿಮ್ಮ ಹೆಡ್ಡಾಫೀಸನ್ನ ಕರ್ಕೊಂಡ್ಬಂದು ಸೊಂಟದವರೆಗೆ ನಿಲ್ಸಿ, ಆಮೇಲೆ ವಾಪಸ್ ನೆಡ್ತೀವಿ" ಅಂದಳು ಕ್ಯಾಂಟೀನಿನವಳು. ಕಿತ್ತ ಬಾವುಟಗಳನ್ನು ಕಂತೆ ಕಟ್ಟಿ ಅವನ ಕೈಗೇ ಕೊಟ್ಟಳು.

ಎಲ್ಲವೂ ಸರಿಹೋಯಿತೆಂದು ಯಾರೂ ತಿಳಿಯಬಾರದು. ಒಂದು ಬಸ್ಸಿನಷ್ಟು ಜನ ರೆಸಾರ್ಟಿನಲ್ಲೇ ಉಳಿದರು, ಕುರ್ಚಿ ಬಿಡಲು ಮನಸ್ಸಾಗದೆ. ಮಕ್ಕಳನ್ನು ಮರಳಲ್ಲಿ ಆಡಿಸಿಕೊಂಡರು. ಮೂರು ಬಸ್ಸು ಸೇತುವೆ ದಾಟಿ ಚಹಾ ಬಣ್ಣದ ನೀರಿಗೆ ಹೋದವು. ಅಲ್ಲಿ ನೆರಳಿಗೆ ಬಲೆ ಒಣಹಾಕುವ ಚಪ್ಪರ ಬಿಟ್ಟರೆ ಏನಿಲ್ಲ. ಚಿಲಕವಿದ್ದ ಒಂದು ಕಕ್ಕಸಿನ ಮುಂದೆ ಇಡೀ ದಿನ ಸಾಲು. "ಇದೇನಕ್ಕ, ಒಂದಕ್ಕೇ ಒಪ್ಪಿಬಿಟ್ಟಿದ್ದೀಯ?" ಅಂತ ಅವಳನ್ನೇ ಬೈದರು. ಮಕ್ಕಳು ಅರವತ್ತು ಹೆಜ್ಜೆ ನೀರೊಳಗೆ ಓಡಿ, ಬಿದ್ದು, ಎದ್ದು, ಕೆಸರು ಮೆತ್ತಿಕೊಂಡು ಬಲೆಯವರ ಮಕ್ಕಳ ಜೊತೆ ಜಗಳವಾಡಿ, ಸಂಜೆಯ ಹೊತ್ತಿಗೆ ಯಾವುದು ಯಾರದೆಂದು ಗೊತ್ತಾಗದ ಹಾಗಾದವು. ಸೊಸೆ ಅತ್ತೆಯ ಜೊತೆ ಮಾತಾಡಲಿಲ್ಲ. ತನ್ನ ದೊಡ್ಡ ಮಗಳು ನೀರಿನಲ್ಲಿ ನಿಂತು ಕೈ ಬೀಸಿದಾಗ ಮಾತ್ರ, ಬಲೆ ಹಿಂದೆ ಕಾಣುವ ಹಾಗೇ ಫೋಟೋ ತೆಗೆದಳು.

ಒಂದು ವಾರಕ್ಕೆ ನೋಟಿಸು ಬಂತು. ಇಲಾಖೆಯ ಕಾರ್ಯಕ್ರಮಕ್ಕೆ ಅಡ್ಡಿ, ಮೇಲಧಿಕಾರಿಯ ಆದೇಶ ಉಲ್ಲಂಘನೆ, ಏಳು ದಿನದೊಳಗೆ ಲಿಖಿತ ವಿವರಣೆ. ನೀರಿನಿಂದ ಮಗಳನ್ನು ಎಳೆದುಕೊಂಡು ಹೋದ ಅದೇ ಕೈಯ ಸಹಿ. ಅದು ನಮಗೆ ಆಶ್ಚರ್ಯವಲ್ಲ. ಮರಳಿನ ಮೇಲೆ ಗ್ರಹಿಸಿದ್ದನ್ನು ಕುರ್ಚಿಯ ಮೇಲೆ ಕೂತು ಮರೆಯುವವರನ್ನು ಬಹಳ ಕಂಡಿದ್ದೇವೆ. ನಾವು ಸಂಘದವರು, "ಎರಡು ಸಾಲು ವಿಷಾದ ಬರೆದುಬಿಡಕ್ಕ, ಇನ್ನೊಂದೇ ವರ್ಷ ಇದೆ ನಿನ್ನ ನಿವೃತ್ತಿಗೆ. ಸರ್ವಿಸ್ ಪುಸ್ತಕಕ್ಕೆ ಕಪ್ಪು ಯಾಕೆ?" ಅಂದೆವು.

ಅವಳು ಹೆಂಗಸರ ಕೋಣೆಯಲ್ಲಿ, ಅವನೇ ಹಾಕಿಸಿದ ಫ್ಯಾನಿನ ಕೆಳಗೆ ಕೂತು, ಕೈಬರಹದಲ್ಲಿ ಬರೆದಳು:

"ವಿವರಣೆ ಕೇಳಿದ್ದೀರಿ. ಹೌದು, ಕೂತಿದ್ದೆ. ಮಕ್ಕಳನ್ನು ಬಿಡಬಾರದ ಕಡೆ ಮಕ್ಕಳನ್ನು ಬಿಡಲು ಹೊರಟಿದ್ದಿರಿ, ಅದಕ್ಕೆ ಕೂತೆ. ನೀವು ಮಂಡಿಯವರೆಗೆ ಇಳಿದು ನೋಡಿದ್ದೀರಿ, ಆದ್ದರಿಂದ ಹೆಚ್ಚಿಗೆ ಬರೆಯುವುದಿಲ್ಲ. ವಿಷಾದ ಇಲ್ಲ. ಮುಂದಿನ ವರ್ಷವೂ ಅಂಥ ಜಾಗ ಆರಿಸಿದರೆ ಬಂದು ಕೂರುತ್ತೇನೆ. ಅಷ್ಟರಲ್ಲಿ ನನಗೆ ನಿವೃತ್ತಿಯಾಗಿರುತ್ತದೆ. ನೋಟಿಸು ಕೊಡುವ ಅಧಿಕಾರ ನಿಮಗಿರುವುದಿಲ್ಲ. ಕೂರುವ ಅಧಿಕಾರ ನನಗಿರುತ್ತದೆ."

ಸರ್ವಿಸ್ ಪುಸ್ತಕದಲ್ಲಿ ಎಚ್ಚರಿಕೆ ದಾಖಲಾಯಿತು. ಈ ಕಾಗದದ ಒಂದು ನಕಲನ್ನು ಯಾರೋ ಕ್ಯಾಂಟೀನಿನ ಬಾಗಿಲಿಗೆ ಅಂಟಿಸಿದರು. ಅಧಿಕಾರಿ ತೆಗೆಸಿದ. ಮರುದಿನ ಮತ್ತೆ ಇತ್ತು.